ಏರ್‌ಬ್ಯಾಗ್ ಲೈಟ್ ಆರಿಸಬೇಡ್ರಿ, ಅದು ಏನ್ ಹೇಳ್ತದ ಕೇಳ್ರಿ

ಇವತ್ತಿನ ಮಾತು ಕಾರಿನ ಮೀಟರ್‌ನಲ್ಲಿ ಬರುವ ಒಂದು ಸಣ್ಣ ಚಿತ್ರದ ಬಗ್ಗೆ. ಸೀಟಿನ ಮೇಲೆ ಒಬ್ಬ ಮನುಷ್ಯ ಕುಂತಿರ್ತಾನ, ಅವನ ಎದಿ ಮುಂದ ಒಂದು ದುಂಡನೆ ಚೆಂಡು. ಕೆಲವು ಗಾಡಿಯಲ್ಲಿ ಅದು ಕೆಂಪು, ಕೆಲವದರಲ್ಲಿ ಹಳದಿ. ಇನ್ನು ಕೆಲವದರಲ್ಲಿ ಚಿತ್ರದ ಬದಲು ಎಸ್‌ಆರ್‌ಎಸ್ ಅಂತ ಮೂರು ಅಕ್ಷರ. ಅದೇ ಏರ್‌ಬ್ಯಾಗ್ ಲೈಟ್.

ನಾನು ಆಟೋ ಎಲೆಕ್ಟ್ರಿಷಿಯನ್. ಸ್ಕ್ಯಾನರ್ ಬ್ಯಾಗಿನಾಗ ಹಾಕ್ಕೊಂಡು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದೂ ಊರಿನ ಗ್ಯಾರೇಜುಗಳಿಗೆ ತಿರುಗೋದು ನನ್ನ ಕೆಲಸ. ಏರ್‌ಬ್ಯಾಗ್ ಲೈಟ್ ಅಂತ ಫೋನ್ ಬಂದರೆ ಸಾಮಾನ್ಯವಾಗಿ ಮೂರು ಪ್ರಶ್ನೆ ಬರ್ತಾವ. ಒಂದು, "ಅಣ್ಣಾ, ಗಾಡಿ ಓಡಿಸಬಹುದೇನು?" ಎರಡು, "ಈ ಬಿಸಿಲಿಗೆ ಬ್ಯಾಗ್ ತಾನಾಗೇ ಸಿಡೀತದೇನು?" ಮೂರು, "ಲೈಟ್ ಆರಿಸ್ಲಿಕ್ಕೆ ಎಷ್ಟ್ ತಗೋತೀರಿ?"

ಮೊದಲಿನ ಎರಡಕ್ಕೆ ಉತ್ತರ ಕೊಡ್ತೀನಿ. ಆದರೆ ಇವತ್ತು ನನ್ನ ತಕರಾರು ಇರೋದು ಮೂರನೇ ಪ್ರಶ್ನೆಯ ಜೊತೆ.

ಈ ಲೈಟ್ ನಮ್ಮ ಕಡೆ ಈಗ ಜಾಸ್ತಿ ಕಾಣ್ಲಿಕ್ಕೆ ಒಂದು ಕಾರಣ ಇದೆ. 2019ರ ಜುಲೈ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಸೀಟಿನ ಏರ್‌ಬ್ಯಾಗ್ 2021ರ ಏಪ್ರಿಲ್ 1ರಿಂದ ಹೊಸ ಮಾದರಿಗಳಿಗೆ, ಅದೇ ವರ್ಷದ ಕೊನೆಯ ಹೊತ್ತಿಗೆ ಹಳೇ ಮಾದರಿಗಳಿಗೂ ಕಡ್ಡಾಯವಾಯಿತು. ಆ ಗಾಡಿಗಳೇ ಈಗ ಐದಾರು ವರ್ಷ ಓಡಿ, ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಊರುಗಳಿಗೆ ಬರ್ತಿವೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಓಡಿದ ಗಾಡಿ, ಈಗ ಸೇಡಂನ ಹುಡುಗನ ಕೈಯಲ್ಲಿ. ಅಲ್ಲಿ ಅದಕ್ಕೆ ಏನಾಗಿತ್ತು, ಯಾರು ಬಿಚ್ಚಿದ್ದರು, ಇವನಿಗೆ ಗೊತ್ತಿಲ್ಲ.

ಮೊದಲು ಈ ವ್ಯವಸ್ಥೆ ಹೇಗೆ ಕೆಲಸ ಮಾಡ್ತದ ಅಂತ ಎರಡು ಮಾತಿನಲ್ಲಿ ಹೇಳ್ತೀನಿ. ಗಾಡಿಯ ನಡುವೆ, ಬಹಳಷ್ಟು ಮಾದರಿಗಳಲ್ಲಿ ಗೇರ್ ಹತ್ತಿರ ಕೆಳಗೆ, ಒಂದು ಸಣ್ಣ ಡಬ್ಬಿ ಇರುತ್ತದೆ. ಅದು ಕಂಟ್ರೋಲ್ ಮಾಡ್ಯೂಲ್. ಅದಕ್ಕೆ ಮುಂದಿನ ಸೆನ್ಸರ್, ಸ್ಟೇರಿಂಗ್‌ನೊಳಗಿನ ಬ್ಯಾಗ್, ಡ್ಯಾಶ್‌ಬೋರ್ಡ್ ಬ್ಯಾಗ್, ಸೀಟ್ ಬೆಲ್ಟಿನ ಪ್ರೀಟೆನ್ಶನರ್ ಎಲ್ಲದರ ವೈರ್ ಸೇರುತ್ತವೆ. ಪ್ರೀಟೆನ್ಶನರ್ ಅಂದರೆ ಡಿಕ್ಕಿಯಾದ ಕ್ಷಣದಲ್ಲಿ ಬೆಲ್ಟನ್ನು ಎಳೆದು ನಿಮ್ಮನ್ನು ಸೀಟಿಗೆ ಬಿಗಿಯುವ ಸಣ್ಣ ಯಂತ್ರ. ಡಿಕ್ಕಿಯಾದರೆ ಮಾಡ್ಯೂಲ್ ಕರೆಂಟ್ ಕಳಿಸುತ್ತದೆ, ಬ್ಯಾಗ್ ಸುಮಾರು 30 ಮಿಲಿಸೆಕೆಂಡಿನಲ್ಲಿ ತುಂಬಿಕೊಳ್ಳುತ್ತದೆ. ನೀವು ಒಮ್ಮೆ ಕಣ್ಣು ಮಿಟುಕಿಸೋದಕ್ಕೆ ಅದಕ್ಕಿಂತ ಮೂರು ನಾಲ್ಕು ಪಟ್ಟು ಹೊತ್ತು ಬೇಕು.

ಇಷ್ಟು ಚುರುಕು ಇರಬೇಕಾದ ಯಂತ್ರ, ತನ್ನ ವೈರ್‌ಗಳೆಲ್ಲ ಸರಿ ಇವೆಯಾ ಅಂತ ತಾನೇ ನೋಡ್ಕೋಬೇಕು. ಅದಕ್ಕೆ ಕೀ ಆನ್ ಮಾಡಿದಾಗ ಒಂದೊಂದು ಲೈನಿಗೂ ಚೂರೇ ಚೂರು ಕರೆಂಟ್ ಬಿಟ್ಟು ಪರೀಕ್ಷೆ ಮಾಡುತ್ತದೆ. ಆ ಹೊತ್ತಿಗೆ ಲೈಟ್ ಹತ್ತಿ, ಐದಾರು ಸೆಕೆಂಡಿನಲ್ಲಿ ಆರುತ್ತದೆ. ಎಲ್ಲಾದರೂ ತಪ್ಪು ಕಂಡರೆ ಲೈಟ್ ಆರೋದಿಲ್ಲ, ಜೊತೆಗೆ ಒಂದು ಕೋಡ್ ಬರೆದಿಡುತ್ತದೆ. ಕೆಲವು ಗಾಡಿಗಳಲ್ಲಿ ಲೈಟ್ ಮಿಣುಕುತ್ತದೆ.

ಈಗ ಮೊದಲ ಪ್ರಶ್ನೆ, ಓಡಿಸಬಹುದಾ? ಎಂಜಿನ್, ಬ್ರೇಕಿಗೆ ಇದರಿಂದ ತೊಂದರೆ ಇಲ್ಲ, ಗಾಡಿ ಓಡುತ್ತದೆ. ಆದರೆ ಲೈಟ್ ಉರಿಯುತ್ತಿದ್ದರೆ ಬಹಳಷ್ಟು ಗಾಡಿಗಳಲ್ಲಿ ಇಡೀ ಏರ್‌ಬ್ಯಾಗ್ ವ್ಯವಸ್ಥೆಯೇ ಸುಮ್ಮನಾಗಿರುತ್ತದೆ. ಒಂದು ಸೀಟಿನ ವೈರ್ ಸಡಿಲ ಆಗಿದ್ದಕ್ಕೆ ಎರಡೂ ಬ್ಯಾಗ್ ತೆರೆಯದೇ ಇರಬಹುದು. ಹಾಗಾಗಿ ಲೈಟ್ ಇದ್ದರೆ ಏರ್‌ಬ್ಯಾಗ್ ಇಲ್ಲ ಅಂತಲೇ ತಿಳ್ಕೊಂಡು ಓಡಿಸಿ. ಬೆಲ್ಟ್ ಮಾತ್ರ ತನ್ನ ಲಾಕ್‌ನಿಂದ ನಿಮ್ಮನ್ನು ಹಿಡಿಯುತ್ತದೆ. ಅದನ್ನ ಹಾಕ್ಕೊಳ್ರಿ.

ಎರಡನೇದು, ಬಿಸಿಲಿಗೆ ಸಿಡೀತದಾ? ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಅದ. ಆದರೂ ಲೈಟ್ ಹತ್ತಿದೆ ಅನ್ನುವ ಒಂದೇ ಕಾರಣಕ್ಕೆ, ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಬ್ಯಾಗ್ ತಾನಾಗೇ ತೆರೆಯೋದಿಲ್ಲ. ಗೊತ್ತಿಲ್ಲದವರು ಕೈ ಹಾಕಿದಾಗ ಮಾತ್ರ ಅಪಾಯ ಇದೆ.

ಈಗ ನಿಮ್ಮ ಕೈಯಲ್ಲೇ ಇರುವ ಪರೀಕ್ಷೆ. ಸ್ಕ್ಯಾನರ್ ಬೇಡ, ದುಡ್ಡು ಬೇಡ. ಕೀ ಆನ್ ಮಾಡಿ, ಗಾಡಿ ಸ್ಟಾರ್ಟ್ ಮಾಡಬೇಡಿ. ಏರ್‌ಬ್ಯಾಗ್ ಚಿತ್ರವನ್ನಷ್ಟೇ ನೋಡಿ. ಹತ್ತಿ ಆರಿತು ಅಂದರೆ ಮಾಡ್ಯೂಲ್‌ಗೆ ತಪ್ಪು ಕಂಡಿಲ್ಲ. ಹತ್ತಿ ಆರಲೇ ಇಲ್ಲ, ಅಥವಾ ಆರಿ ಮತ್ತೆ ಬಂತು ಅಂದರೆ ತಪ್ಪು ಇದೆ. ಮೂರನೇದು, ಲೈಟ್ ಒಮ್ಮೆಯೂ ಹತ್ತಲೇ ಇಲ್ಲ. ಜನ ಇದನ್ನ ನೋಡಿ ಖುಷಿ ಪಡ್ತಾರ. ನನಗೆ ಹೆಚ್ಚು ಭಯ ಆಗೋದು ಇದೇ ಗಾಡಿ ನೋಡಿದಾಗ.

ಶಹಾಬಾದಿನಲ್ಲಿ ಒಬ್ಬ ಹುಡುಗ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದ. ಫರಸಿ ಕಲ್ಲಿನ ಪಾಲಿಶ್ ಮಷಿನ್ ಮೇಲೆ ಕೆಲಸ ಅವನದು. ತಾಯಿನ್ನ ವಾರಕ್ಕೆ ಎರಡು ಸಲ ಕಲಬುರಗಿ ದವಾಖಾನಿಗೆ ಕರ್ಕೊಂಡು ಹೋಗಬೇಕಿತ್ತು, ಅದಕ್ಕೇ ಗಾಡಿ. ನನ್ನನ್ನ ಕರೆದದ್ದು ಹಾರ್ನ್ ರಿಪೇರಿಗೆ. ಕೀ ಆನ್ ಮಾಡಿದೆ, ಎಲ್ಲಾ ಲೈಟ್ ಬಂದವು, ಏರ್‌ಬ್ಯಾಗ್ ಲೈಟ್ ಬರಲಿಲ್ಲ. ಮೀಟರ್ ಬಿಚ್ಚಿದರೆ ಒಳಗೆ ಆ ಚಿತ್ರದ ಮೇಲೆ ಕರಿ ಟೇಪ್ ಅಂಟಿಸಿದ್ದರು. ಸ್ಕ್ಯಾನರ್ ಹಚ್ಚಿದೆ. ಈ ಗಾಡಿಗೆ ಹಿಂದೆ ಡಿಕ್ಕಿಯಾಗಿ ಬ್ಯಾಗ್ ತೆರೆದಿದೆ ಅನ್ನೋದು ಮಾಡ್ಯೂಲ್‌ನಲ್ಲಿ ದಾಖಲಾಗಿತ್ತು. ಬ್ಯಾಟರಿ ತೆಗೆದು, ಹೊತ್ತು ಬಿಟ್ಟು, ಸ್ಟೇರಿಂಗ್ ನಡುವಿನ ಕವರ್ ನೋಡಿದೆ. ಕವರ್ ಗಮ್ ಹಚ್ಚಿ ಕೂಡಿಸಿದ್ದರು, ಒಳಗೆ ಬ್ಯಾಗೇ ಇರಲಿಲ್ಲ.

ಆ ಹುಡುಗ ಕೇಳಿದ ಮಾತು ಒಂದೇ. "ಅಣ್ಣಾ, ಲೈಟ್ ಉರೀತಿದ್ರ ನಾ ಈ ಗಾಡಿ ತಗೋತಿದ್ದಿಲ್ಲ." ಇವತ್ತಿನ ಪಾಡ್‌ಕಾಸ್ಟ್‌ನ ವಿಷಯ ಇಷ್ಟೇ ನೋಡ್ರಿ. ಯಾರೋ ಒಬ್ಬರು "ಲೈಟ್ ಆರಿಸ್ಲಿಕ್ಕೆ ಎಷ್ಟು" ಅಂತ ಕೇಳಿದ್ದರು, ಇನ್ನೊಬ್ಬರು ಅಷ್ಟೇ ಕೆಲಸ ಮಾಡಿ ಕೊಟ್ಟಿದ್ದರು. ಗಾಡಿ ಕೈ ಬದಲಾದ ಮೇಲೆ ಅದರ ಲೆಕ್ಕ ಈ ಹುಡುಗನ ತಲೆ ಮೇಲೆ ಬಂತು.

ಟೇಪ್ ಅಷ್ಟೇ ಅಲ್ಲ, ಇನ್ನೊಂದು ಉಪಾಯವೂ ಇದೆ. ಬ್ಯಾಗಿನ ಲೈನಿಗೆ ಒಂದು ಸಣ್ಣ ರೆಸಿಸ್ಟರ್ ಹಾಕಿಬಿಡ್ತಾರೆ. ಬ್ಯಾಗಿನ ಲೈನಿನಲ್ಲಿ ಸಾಮಾನ್ಯವಾಗಿ ಎರಡು ಮೂರು ಓಮ್ ರೆಸಿಸ್ಟನ್ಸ್ ಇರುತ್ತದೆ. ಅಷ್ಟೇ ಅಳತೆಯ ರೆಸಿಸ್ಟರ್ ಸಿಕ್ಕರೆ ಮಾಡ್ಯೂಲ್‌ಗೆ ಬ್ಯಾಗ್ ಇದೆ ಅಂತಲೇ ಅನಿಸುತ್ತದೆ. ಲೈಟ್ ಸರಿಯಾಗಿ ಹತ್ತಿ ಸರಿಯಾಗಿ ಆರುತ್ತದೆ. ಅದಕ್ಕೇ ಹಳೇ ಗಾಡಿ ತಗೊಳ್ಳುವಾಗ ಲೈಟ್ ನೋಡೋದರ ಜೊತೆ ಸ್ಟೇರಿಂಗ್ ಕವರ್, ಡ್ಯಾಶ್‌ಬೋರ್ಡಿನ ಜೋಡಣೆ, ಬೆಲ್ಟ್ ಮೇಲಿನ ತಯಾರಿ ವರ್ಷದ ಚೀಟಿ ಎಲ್ಲವನ್ನೂ ನೋಡಬೇಕು. ಅನುಮಾನ ಬಂದರೆ ಬಲ್ಲವರಿಂದ ಬಿಚ್ಚಿಸಿ ನೋಡಬೇಕು.

ಸರಿ, ನಿಮ್ಮ ಗಾಡಿಯಲ್ಲಿ ಲೈಟ್ ನಿಜವಾಗಿ ಹತ್ತಿದೆ ಅಂತ ಇಟ್ಕೊಳ್ಳೋಣ. ಕಾರಣ ಹುಡುಕೋದು ಹೇಗೆ?

ನಾನು ಮೊದಲು ಕೇಳೋದು, "ಏನಾದ ಮ್ಯಾಲ ಹತ್ತಿತು?" ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಸೇಡಂನಲ್ಲಿ ಒಂದು ಗಾಡಿ. ಹೊಸ ಸೀಟ್ ಕವರ್ ಹಾಕಿಸಿದ ಮರುದಿನ ಲೈಟ್ ಬಂದಿತ್ತು. ಸೀಟಿನ ಕೆಳಗೆ ಹಳದಿ ಬಣ್ಣದ ಕಪ್ಲರ್ ಇರುತ್ತವೆ. ಹಳದಿ ಅಂದರೆ ಏರ್‌ಬ್ಯಾಗ್ ಲೈನ್, ಕೈ ಹಚ್ಚಬೇಡ ಅಂತ ಅರ್ಥ. ಕವರ್ ಹಾಕುವಾಗ ಸೀಟ್ ಎತ್ತಿದ್ದರು, ಕಪ್ಲರ್ ಪೂರ್ತಿ ಕೂತಿರಲಿಲ್ಲ. ಲಾಕ್ ಸರಿ ಕೂಡಿಸಿ ಕೋಡ್ ಅಳಿಸಿದ ಮೇಲೆ ಮತ್ತೆ ಬರಲಿಲ್ಲ. ಸೀಟ್ ಹಿಂದೆ ಮುಂದೆ ಸರಿಸಿದಾಗ ಲೈಟ್ ಬಂದು ಹೋಗ್ತಿದ್ದರೆ ಅನುಮಾನ ಈ ಕಡೆಯೇ ಇರಲಿ. ನೀರಿನ ಬಾಟಲ್ ಸೀಟಿನ ಕೆಳಗೆ ಉರುಳಿ ವೈರಿಗೆ ಸಿಕ್ಕಿಬಿದ್ದರೂ ಹೀಗೆ ಆಗುತ್ತದೆ.

ಚಿತ್ತಾಪುರದಲ್ಲಿ ಬ್ಯಾಟರಿ ಕೂತ ಗಾಡಿ. ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿದ್ದರು, ಆಮೇಲೆ ಲೈಟ್. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಬಹಳ ಇಳಿದರೆ ಮಾಡ್ಯೂಲ್ ಕೋಡ್ ಬರೆದುಕೊಳ್ಳುತ್ತದೆ. ನಿಂತ ಗಾಡಿಯಲ್ಲಿ ಬ್ಯಾಟರಿ 12.4ರಿಂದ 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಇದು ಸರಿ ಇಲ್ಲದೆ ಏರ್‌ಬ್ಯಾಗ್ ಸಾಮಾನು ಬದಲಿಸಿದರೆ ದುಡ್ಡು ಕಾಗಿಣಾ ಹೊಳಿಗೆ ಹಾಕಿದಂಗ.

ವಾಡಿಯಲ್ಲಿ ಸಿಮೆಂಟ್ ಫ್ಯಾಕ್ಟರಿಗೆ ಬಾಡಿಗೆ ಓಡುವ ಗಾಡಿ. ನಮ್ಮದು ಸುಣ್ಣದ ಕಲ್ಲಿನ ಸೀಮೆ. ಕಲ್ಲಿನ ಗಣಿ, ಪಾಲಿಶ್ ಮಷಿನ್, ಸಿಮೆಂಟ್ ಲಾರಿ, ಎಲ್ಲಿ ನೋಡಿದರೂ ಸಣ್ಣ ಧೂಳು. ಅದು ಬೆಲ್ಟಿನ ಬಕಲ್ ಒಳಗೆ ಇಳಿದಿತ್ತು. ಬಕಲ್ ಒಳಗೂ ಒಂದು ಸ್ವಿಚ್ ಇರುತ್ತದೆ, ಬೆಲ್ಟ್ ಹಾಕಿದ್ದಾರೋ ಇಲ್ಲವೋ ಅಂತ ಮಾಡ್ಯೂಲ್‌ಗೆ ಹೇಳೋದು ಅದೇ. ಗಾಳಿ ಊದಿ ನೋಡಿದೆ, ಎರಡು ದಿನಕ್ಕೆ ಮತ್ತೆ ಲೈಟ್ ಬಂತು. ಬಕಲ್ ಬದಲಿಸಿದ ಮೇಲೆ ನಿಂತಿತು. ಬೀಪ್ ಶಬ್ದ ಬರಬಾರದು ಅಂತ ಬಕಲಿಗೆ ಖಾಲಿ ಕ್ಲಿಪ್ ಸಿಕ್ಕಿಸ್ತಾರಲ್ಲ, ಆ ಕ್ಲಿಪ್ ಮಾಡ್ಯೂಲ್‌ಗೂ ಸುಳ್ಳು ಹೇಳುತ್ತದೆ.

ಚಿಂಚೋಳಿಯಲ್ಲಿ ತೊಗರಿ ಚೀಲ ಇಟ್ಟಿದ್ದ ಶೆಡ್‌ನಲ್ಲಿ ಗಾಡಿ ನಿಲ್ಲಿಸ್ತಿದ್ದರು. ಇಲಿ ಮ್ಯಾಟ್ ಕೆಳಗಿನ ವೈರ್ ಕಡಿದಿತ್ತು. ಬೇರೆ ವೈರ್ ಆದರೆ ಜೋಡಿಸಿ ಟೇಪ್ ಸುತ್ತಬಹುದು, ಏರ್‌ಬ್ಯಾಗ್ ಲೈನಿಗೆ ಅದು ನಡೆಯೋದಿಲ್ಲ. ಕಂಪನಿ ಹೇಳಿದ ರೀತಿಯಲ್ಲೇ ವೈರಿಂಗ್ ಸರಿ ಮಾಡಬೇಕು. ಯಾಕಂದರೆ ಎರಡು ಓಮ್ ಲೆಕ್ಕ ಇರುವ ಲೈನಿನಲ್ಲಿ ಸಡಿಲ ಜೋಡಣೆಯೇ ದೊಡ್ಡ ತಪ್ಪಾಗಿ ಕಾಣುತ್ತದೆ.

ನೀರಿನ ಮಾತು ಐದೂ ಊರಿಗೆ ಸೇರಿದ್ದು. ಪೈಪ್ ಹಿಡಿದು ಗಾಡಿ ಒಳಗೆ ನೀರು ಹೊಡೆಯಬೇಡಿ. ಮಳೆಗಾಲದಲ್ಲಿ ಹಳ್ಳದ ನೀರು ಒಳಗೆ ಬಂದ ಗಾಡಿಯನ್ನು ಒಣಗಿಸದೆ ಬಿಟ್ಟರೆ ಕಪ್ಲರ್ ಪಿನ್ ಹಸಿರು ಕಟ್ಟುತ್ತವೆ. ಲೈಟ್ ಬರೋದು ಎರಡು ಮೂರು ತಿಂಗಳಾದ ಮೇಲೆ, ಅಷ್ಟರಲ್ಲಿ ನೀರು ಬಂದದ್ದೇ ಮರೆತಿರುತ್ತೀರಿ.

ಇನ್ನೊಂದು ಸುಳಿವು. ಏರ್‌ಬ್ಯಾಗ್ ಲೈಟ್ ಜೊತೆ ಹಾರ್ನ್ ನಿಂತಿದೆ, ಸ್ಟೇರಿಂಗ್ ಮೇಲಿನ ಹಾಡಿನ ಬಟನ್ ಕೆಲಸ ಮಾಡ್ತಿಲ್ಲ ಅಂದರೆ ಮೊದಲ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ. ಸ್ಟೇರಿಂಗ್ ತಿರುಗಿದರೂ ವೈರ್ ಹರಿಯಬಾರದು ಅಂತ ಒಳಗೆ ಸುರುಳಿ ಸುತ್ತಿದ ಒಂದು ಪಟ್ಟಿ ಇರುತ್ತದೆ. ವರ್ಷಗಟ್ಟಲೆ ತಿರುಗಿ ಅದು ಹರಿಯಬಹುದು. ಸ್ಟೇರಿಂಗ್ ಕೆಲಸ ಮಾಡಿಸಿದಾಗ ಅದನ್ನ ನಡುವಿಗೆ ಸರಿಯಾಗಿ ಕೂಡಿಸದಿದ್ದರೆ ಒಂದು ಪೂರ್ತಿ ತಿರುವಿಗೇ ಹರಿಯುತ್ತದೆ.

ಎರಡನೇ ಹಂತ, ಕೋಡ್ ಓದಿಸೋದು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಓಬಿಡಿ ಡಾಂಗಲ್ ನಿಮ್ಮಲ್ಲಿ ಬಹಳ ಮಂದಿ ಹತ್ರ ಇರಬಹುದು. ಅದು ಎಂಜಿನ್ ಕೋಡ್ ಓದುತ್ತದೆ, ಏರ್‌ಬ್ಯಾಗ್ ಮಾಡ್ಯೂಲ್ ಹತ್ರ ಸಾಮಾನ್ಯವಾಗಿ ಹೋಗೋದಿಲ್ಲ. "ಆ್ಯಪ್‌ನಾಗ ಯಾವ ತಪ್ಪೂ ಇಲ್ಲ ಅಂತ ಬಂದದ" ಅಂತ ಸುಮ್ಮನಾಗಬೇಡಿ. ಏರ್‌ಬ್ಯಾಗ್ ಓದುವ ಸ್ಕ್ಯಾನರ್ ಬೇಕು. ಅದರ ಕೋಡ್ ಸಾಮಾನ್ಯವಾಗಿ ಬಿ ಅಕ್ಷರದಿಂದ ಶುರುವಾಗುತ್ತದೆ.

ಕೋಡ್ ಬಂದ ಮೇಲೂ ಒಂದು ಎಚ್ಚರಿಕೆ. ಕೋಡ್ ಅಂದರೆ ವಿಳಾಸ. ಅದು ಓಣಿ ತೋರಿಸುತ್ತದೆ, ಮನೆ ನಾವೇ ಹುಡುಕಬೇಕು. "ಡ್ರೈವರ್ ಏರ್‌ಬ್ಯಾಗ್ ರೆಸಿಸ್ಟನ್ಸ್ ಹೈ" ಅಂತ ಬಂದರೆ ಬ್ಯಾಗ್ ಹೋಗಿದೆ ಅಂತ ಅರ್ಥ ಅಲ್ಲ. ಮಾಡ್ಯೂಲ್‌ನಿಂದ ಬ್ಯಾಗಿನ ತನಕ ಇರುವ ದಾರಿಯಲ್ಲಿ ಎಲ್ಲೋ ತಡೆ ಇದೆ ಅಂತ. ಕಪ್ಲರ್ ಇರಬಹುದು, ಕ್ಲಾಕ್ ಸ್ಪ್ರಿಂಗ್ ಇರಬಹುದು, ಕೊನೆಗೆ ಬ್ಯಾಗೂ ಇರಬಹುದು. ಕಪ್ಲರ್ ಆದರೆ ಖರ್ಚು ಕೂಲಿಯಷ್ಟೇ, ಬ್ಯಾಗ್ ಅಥವಾ ಮಾಡ್ಯೂಲ್ ಆದರೆ ಸಾವಿರಗಳ ಲೆಕ್ಕ. ಅದಕ್ಕೇ ಅಗ್ಗದ ಜಾಗದಿಂದ ಪರೀಕ್ಷೆ ಶುರು ಮಾಡೋದು.

ಈಗ ಕೈ ಹಾಕಬಾರದ ಕೆಲಸಗಳು. ಯೂಟ್ಯೂಬ್ ನೋಡಿ ಹಳದಿ ಕಪ್ಲರ್ ಬಿಚ್ಚಬೇಡಿ. ಬ್ಯಾಗಿಗೆ ನೇರವಾಗಿ ಮಲ್ಟಿಮೀಟರ್ ಹಚ್ಚಿ ಓಮ್ ನೋಡಬೇಡಿ, ಮೀಟರಿನ ಸಣ್ಣ ಕರೆಂಟೇ ಅದನ್ನು ಸಿಡಿಸುವ ಅಪಾಯ ಇದೆ. ಬಲ್ಲ ಮಿಸ್ತ್ರಿ ಕೂಡ ಮೊದಲು ಕೀ ತೆಗೆದು, ಬ್ಯಾಟರಿ ಮೈನಸ್ ಬಿಚ್ಚಿ, ಕಂಪನಿ ಪುಸ್ತಕ ಹೇಳಿದಷ್ಟು ಹೊತ್ತು ಕಾಯುತ್ತಾನೆ. ಕೆಲವು ಗಾಡಿಗೆ ಒಂದೂವರೆ ನಿಮಿಷ, ಕೆಲವಕ್ಕೆ ಮೂರು, ಕೆಲವಕ್ಕೆ ಅದಕ್ಕೂ ಹೆಚ್ಚು. ಬ್ಯಾಟರಿ ತೆಗೆದರೂ ಮಾಡ್ಯೂಲ್‌ನೊಳಗೆ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಡಿಕ್ಕಿಯಲ್ಲಿ ಬ್ಯಾಟರಿ ಪುಡಿಯಾದರೂ ಬ್ಯಾಗ್ ತೆರೆಯಲಿ ಅಂತ ಮಾಡಿದ ವ್ಯವಸ್ಥೆ ಅದು. ಕಾಯದೆ ಕೈ ಹಾಕಿದರೆ ಅದೇ ಮುಖಕ್ಕೆ ಬರುತ್ತದೆ.

ಗ್ಯಾರೇಜಿಗೆ ಹೋದಾಗ ನಾಲ್ಕು ಮಾತು ಕೇಳ್ರಿ. ಜಗಳ ಬೇಡ, ನಯವಾಗೇ ಕೇಳ್ರಿ. "ಕಾಕಾ, ಕೋಡ್ ಅಳಿಸೋಕ್ಕಿಂತ ಮೊದಲು ಸ್ಕ್ರೀನ್ ಫೋಟೋ ತಗೋಬಹುದಾ?" "ಇದು ಈಗಿನ ತಪ್ಪೋ, ಹಳೇ ದಾಖಲೆಯೋ?" "ಬದಲಿಸಿದ ಹಳೇ ಸಾಮಾನು ತೋರಿಸ್ತೀರೇನು?" ಕೊನೇದು, "ಒಂದು ರೌಂಡ್ ಓಡಿಸಿ ಬಂದು ಮತ್ತೊಮ್ಮೆ ಸ್ಕ್ಯಾನ್ ಮಾಡೋಣೇನು?" ಕಾರಣ ಸರಿಮಾಡದೆ ಕೋಡ್ ಅಷ್ಟೇ ಅಳಿಸಿದ್ದರೆ ಅದು ಮತ್ತೆ ಬರುತ್ತದೆ, ಕೆಲವೊಮ್ಮೆ ಮೊದಲ ಗುಂಡಿಯಲ್ಲೇ. ಒಳ್ಳೆ ಮಿಸ್ತ್ರಿಗೆ ಈ ಪ್ರಶ್ನೆಗಳಿಂದ ಬೇಜಾರಾಗೋದಿಲ್ಲ.

ಬ್ಯಾಗೇ ಬದಲಿಸಬೇಕಾದರೆ ಗುಜರಿಯಿಂದ ತಂದದ್ದು, ಅರ್ಧ ರೇಟಿಗೆ ಸಿಕ್ಕದ್ದು ಬೇಡ. 2024ರಲ್ಲಿ ದೆಹಲಿ ಪೊಲೀಸರು ಹೆಸರಾಂತ ಕಂಪನಿಗಳ ಹೆಸರಿನಲ್ಲಿ ನಕಲಿ ಏರ್‌ಬ್ಯಾಗ್ ತಯಾರಿಸುತ್ತಿದ್ದ ಜಾಲವನ್ನು ಹಿಡಿದಿದ್ದರು. ಕವರ್ ಮೇಲಿನ ಲೋಗೋ ನೋಡಿ ಒಳಗೇನಿದೆ ಅಂತ ಹೇಳ್ಲಿಕ್ಕಾಗೋದಿಲ್ಲ.

ಲೈಟ್ ಸರಿಯಾಗಿ ಆರುತ್ತಿದ್ದರೂ ನೋಡಬೇಕಾದ ಒಂದು ವಿಷಯ ಉಳಿದಿದೆ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್ ಕಥೆ ಕೇಳಿರಬಹುದು. ಅದರ ಇನ್‌ಫ್ಲೇಟರ್‌ನೊಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿ, ತೇವಕ್ಕೆ ಕೆಟ್ಟು, ಬ್ಯಾಗ್ ತೆರೆಯುವಾಗ ಲೋಹದ ಚೂರು ಸಿಡಿದು ಹಲವು ದೇಶಗಳಲ್ಲಿ ಜನ ಸತ್ತರು. ಭಾರತದಲ್ಲೂ ಹೋಂಡಾ ಸೇರಿ ಕೆಲವು ಕಂಪನಿಗಳು ಗಾಡಿ ವಾಪಸ್ ಕರೆದವು. ಆ ದೋಷಕ್ಕೆ ಮೀಟರ್‌ನಲ್ಲಿ ಯಾವ ಲೈಟೂ ಬರುತ್ತಿರಲಿಲ್ಲ, ಯಾಕಂದರೆ ವೈರ್ ಸರಿ ಇತ್ತು, ಮದ್ದು ಕೆಟ್ಟಿತ್ತು. ಹಾಗೆಯೇ 2023ರ ಜನವರಿಯಲ್ಲಿ ಮಾರುತಿ ಸುಜುಕಿ 17,362 ಕಾರುಗಳನ್ನು ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷೆಗೆ ವಾಪಸ್ ಕರೆದಿತ್ತು. ಆಲ್ಟೊ ಕೆ10, ಎಸ್‌-ಪ್ರೆಸ್ಸೊ, ಈಕೊ, ಬ್ರೆಝಾ, ಬಲೆನೊ, ಗ್ರ್ಯಾಂಡ್ ವಿಟಾರಾ ಅದರಲ್ಲಿದ್ದವು. ಇಂಥ ರಿಪೇರಿಗೆ ಮಾಲೀಕ ದುಡ್ಡು ಕೊಡಬೇಕಿಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಗಾಡಿ ಆದರೆ ಕಂಪನಿಯ ಪತ್ರ ಹಳೇ ಮಾಲೀಕನ ಮನೆಗೆ ಹೋಗಿರುತ್ತದೆ. ಆರ್‌ಸಿಯಲ್ಲಿ ಚಾಸಿ ನಂಬರ್ ಇದೆ, ಅದನ್ನ ಕಂಪನಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ಇಲ್ಲವೇ ಸರ್ವೀಸ್ ಸೆಂಟರ್‌ಗೆ ಫೋನ್ ಹಚ್ಚಿ ಕೇಳಿ. ಫೋನ್ ಕೈಯಲ್ಲೇ ಅದ, ಐದು ನಿಮಿಷದ ಕೆಲಸ.

ರಿಪೇರಿ ಆಗುವ ತನಕ ಗಾಡಿ ತೆಗೆಯಲೇಬೇಕಾದರೆ ಮುಂದಿನವರೂ ಹಿಂದಿನವರೂ ಬೆಲ್ಟ್ ಹಾಕ್ರಿ. ಮಕ್ಕಳು ಹಿಂದೆ ಕೂಡಲಿ. ರಾತ್ರಿ ಫರಸಿ ಲಾರಿ, ಸಿಮೆಂಟ್ ಬಲ್ಕರ್ ಓಡುವ ರೋಡಿನಲ್ಲಿ ವೇಗ ಇಳಿಸ್ರಿ. ಹಿಂದೆ ಲೈಟ್ ಇಲ್ಲದೆ ನಿಂತ ಲಾರಿ ಎಲ್ಲಿ ಸಿಗ್ತದ ಹೇಳ್ಲಿಕ್ಕೆ ಬರೋದಿಲ್ಲ. ಬ್ಯಾಗ್ ಸರಿ ಇದ್ದ ಗಾಡಿಯಲ್ಲೂ ಎದೆಗೂ ಸ್ಟೇರಿಂಗ್‌ಗೂ ನಡುವೆ ಒಂದು ಗೇಣಿಗಿಂತ ಜಾಸ್ತಿ, ಸುಮಾರು 25 ಸೆಂಟಿಮೀಟರ್ ಅಂತರ ಇರಲಿ. ಡ್ಯಾಶ್‌ಬೋರ್ಡ್ ಮೇಲೆ ಬ್ಯಾಗ್ ತೆರೆಯುವ ಜಾಗದಲ್ಲಿ ದೇವರ ಮೂರ್ತಿ, ಫೋನ್ ಸ್ಟ್ಯಾಂಡ್ ಅಂಟಿಸಬೇಡಿ. ಬ್ಯಾಗ್ ತೆರೆದರೆ ಅವು ಗುಂಡಿನಂತೆ ಬರ್ತಾವ.

ಕೊನೇದಾಗಿ ಒಂದು ಕೆಲಸ ಕೊಡ್ತೀನಿ. ನಾಳೆ ಮುಂಜಾನೆ ಕೀ ಆನ್ ಮಾಡಿ ಆರು ಎಣಿಸ್ರಿ. ಹತ್ತಿತಾ, ಆರಿತಾ, ಅಥವಾ ಬರಲೇ ಇಲ್ವಾ ನೋಡ್ರಿ. ನಿಮ್ಮ ಗಾಡಿ ಅಷ್ಟೇ ಅಲ್ಲ, ಅಪ್ಪಂದು, ಮಾಮಾಂದು, ಊರಿಗೆ ಬಾಡಿಗೆಗೆ ಬರುವ ಟ್ಯಾಕ್ಸಿದೂ ನೋಡ್ರಿ. ತಪ್ಪು ಕಂಡರೆ ಗ್ಯಾರೇಜಿಗೆ ಹೋಗಿ "ಲೈಟ್ ಯಾಕ ಹತ್ತೇದ?" ಅಂತ ಕೇಳ್ರಿ. "ಆರಿಸ್ಲಿಕ್ಕೆ ಎಷ್ಟು?" ಅನ್ನೋ ಮಾತು ಬಿಡ್ರಿ.

ಮುಂದಿನ ಸಂಚಿಕೆಯಲ್ಲಿ ಎಬಿಎಸ್ ಲೈಟ್ ಬಗ್ಗೆ ಮಾತಾಡೋಣ. ಅಲ್ಲೀತನಕ ನಮಸ್ಕಾರ್ರಿ.